ಕಾಲ್ ಎತ್ತದಿದ್ದರೂ ಅಪ್‌ಡೇಟ್ ಬೇಕಾ?

ಪ್ರಶ್ನೆ: "ಆಫೀಸಿನ ವಿಡಿಯೋ ಕಾಲ್ ಆಪ್ ಚೆನ್ನಾಗೇ ನಡೀತಿದೆ. ಆದರೂ ಅಪ್‌ಡೇಟ್ ಮಾಡಿ ಅಂತ ಪದೇ ಪದೇ ಕೇಳುತ್ತೆ. ನಾನು ಗೊತ್ತಿಲ್ಲದ ಲಿಂಕ್ ಒತ್ತಲ್ಲ, ಗೊತ್ತಿಲ್ಲದವರ ಕಾಲ್ ಎತ್ತಲ್ಲ. ಅಷ್ಟು ಹುಷಾರಾಗಿದ್ದ ಮೇಲೂ ಅಪ್‌ಡೇಟ್ ಮಾಡಲೇಬೇಕಾ?"

ಮಾಡಲೇಬೇಕು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬೇರೆ ಬೇರೆ, ಆಪ್ ಬೇರೆ ಬೇರೆ, ಆದರೆ "ನಾನು ಲಿಂಕ್ ಒತ್ತಲ್ಲ" ಅನ್ನುವ ಮಾತು ಮಾತ್ರ ಎಲ್ಲರ ಬಾಯಲ್ಲೂ ಬರುತ್ತದೆ. ಹಾಗಾಗಿ ಈ ಸಲ ಆ ಮಾತನ್ನೇ ಹಿಡಿದುಕೊಳ್ಳುತ್ತೇನೆ.

ಲಿಂಕ್ ಒತ್ತದಿರುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ತಪ್ಪು ಇರುವುದು ಅದರ ಹಿಂದಿನ ನಂಬಿಕೆಯಲ್ಲಿ. ನಾವು ಏನಾದರೂ ಮಾಡುವ ತನಕ ಆಪ್ ಸುಮ್ನೆ ಕೂತಿರುತ್ತದೆ ಅಂದುಕೊಂಡಿದ್ದೇವೆ. ಅದು ಸುಮ್ನೆ ಕೂತಿರುವುದಿಲ್ಲ.

ಒಂದು ಕಾಲ್ ಬಂತು ಅಂದುಕೊಳ್ಳಿ. ರಿಂಗ್ ಆಗಬೇಕು, ಕರೆಯುತ್ತಿರುವವರ ಹೆಸರು ಪರದೆ ಮೇಲೆ ಕಾಣಬೇಕು ಅಂದರೆ, ಆಚೆ ಕಡೆಯಿಂದ ಬಂದ ಮಾಹಿತಿಯನ್ನು ಆಪ್ ಆಗಲೇ ಬಿಚ್ಚಿ ಓದಿರಬೇಕು. ಮೆಸೇಜ್ ವಿಷಯವೂ ಅಷ್ಟೇ. ಯಾರೋ ಕಳಿಸಿದ ಫೋಟೋ ಚಾಟ್‌ನಲ್ಲಿ ಚಿಕ್ಕದಾಗಿ ಕಾಣುತ್ತದಲ್ವಾ, ಅದನ್ನು ತೋರಿಸುವುದಕ್ಕೇ ಆಪ್ ಫೈಲ್ ತೆರೆದಿರುತ್ತದೆ. ಹೀಗೆ ಬಿಚ್ಚಿ ಓದುವ ಕೋಡ್‌ನಲ್ಲೇ ದೋಷ ಇದ್ದರೆ, ನೀವು ಹಸಿರು ಬಟನ್ ಮುಟ್ಟಿದಿರೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಇದು ನನ್ನ ಊಹೆ ಅಲ್ಲ. 2019ರ ಮೇ ತಿಂಗಳಲ್ಲಿ ವಾಟ್ಸಾಪ್‌ನ ಕಾಲ್ ಭಾಗದಲ್ಲಿ ಇಂಥದ್ದೇ ದೋಷ ಹೊರಬಿತ್ತು. ಕಾಲ್ ಬಂದರೆ ಸಾಕಿತ್ತು, ಎತ್ತಬೇಕಾಗಿಯೇ ಇರಲಿಲ್ಲ. ಅಷ್ಟರಲ್ಲೇ ಪೆಗಾಸಸ್ ಅನ್ನುವ ಗೂಢಚಾರಿಕೆಯ ಸಾಫ್ಟ್‌ವೇರ್ ಫೋನ್ ಒಳಗೆ ನುಗ್ಗಬಹುದಿತ್ತು. ಸುಮಾರು 1,400 ಜನರನ್ನು ಹೀಗೆ ಗುರಿ ಮಾಡಿದ್ದರು ಅಂತ ವಾಟ್ಸಾಪ್ ಹೇಳಿತು. ಆಗ ಬಳಕೆದಾರರಿಗೆ ಅದು ಕೊಟ್ಟ ಸಲಹೆಯೂ ಇದೇ, ಹೊಸ ವರ್ಷನ್ ಹಾಕಿಕೊಳ್ಳಿ.

ಅದೇ ವರ್ಷದ ಜನವರಿಯಲ್ಲಿ ಆಪಲ್‌ನ ಫೇಸ್‌ಟೈಮ್ ಗ್ರೂಪ್ ಕಾಲ್‌ನ ದೋಷವೂ ಸುದ್ದಿಯಾಗಿತ್ತು. ಈ ಕಡೆಯವರು ಕಾಲ್ ಎತ್ತುವ ಮೊದಲೇ ಅವರ ಮೈಕ್‌ನ ಮಾತು ಆ ಕಡೆಗೆ ಕೇಳಿಸುತ್ತಿತ್ತು. ಆಪಲ್ ಮೊದಲು ಗ್ರೂಪ್ ಕಾಲ್ ಸೌಲಭ್ಯವನ್ನೇ ನಿಲ್ಲಿಸಿತು, ಆಮೇಲೆ ಐಒಎಸ್ 12.1.4 ಅಪ್‌ಡೇಟ್‌ನಲ್ಲಿ ಸರಿಮಾಡಿತು.

"ಅದೆಲ್ಲ ಫೋನ್ ವಿಷಯ, ಆಫೀಸ್ ಆಪ್‌ನಲ್ಲಿ ನಮ್ಮವರೇ ಇರ್ತಾರಲ್ಲ" ಅನ್ನುವವರು ಇದನ್ನು ಗಮನವಿಟ್ಟು ಓದಿ. 2021ರ ಏಪ್ರಿಲ್‌ನಲ್ಲಿ ನಡೆದ, ಸಾಫ್ಟ್‌ವೇರ್ ದೋಷ ಹುಡುಕಿ ತೋರಿಸುವವರಿಗೆ ಬಹುಮಾನ ಕೊಡುವ ಪೋನ್ ಟು ಓನ್ ಸ್ಪರ್ಧೆಯಲ್ಲಿ ಇಬ್ಬರು ಸಂಶೋಧಕರು ಝೂಮ್‌ನ ಮೂರು ದೋಷಗಳನ್ನು ಒಂದಕ್ಕೊಂದು ಜೋಡಿಸಿ, ಎದುರಿನ ಕಂಪ್ಯೂಟರ್‌ನಲ್ಲಿ ತಮಗೆ ಬೇಕಾದ ಪ್ರೋಗ್ರಾಂ ಓಡಿಸಿ ತೋರಿಸಿದರು. ಎದುರಿನವರು ಏನನ್ನೂ ಒತ್ತಿರಲಿಲ್ಲ. ಬಹುಮಾನ 2,00,000 ಡಾಲರ್. ಆದರೆ ಆ ದಾಳಿಗೆ ಒಂದು ಷರತ್ತಿತ್ತು. ದಾಳಿ ಮಾಡುವವರು ನೀವು ಮೊದಲೇ ಒಪ್ಪಿಕೊಂಡ ಕಾಂಟ್ಯಾಕ್ಟ್ ಆಗಿರಬೇಕು, ಇಲ್ಲವೇ ನಿಮ್ಮದೇ ಸಂಸ್ಥೆಯ ಖಾತೆಯಲ್ಲಿರಬೇಕು. ಅಂದರೆ "ನಮ್ಮವರೇ" ಅಂತ ಆಪ್ ನಂಬಿದ ಕಡೆಯಿಂದಲೇ ದಾಳಿ ಬರುತ್ತದೆ. ನಿಮ್ಮ ಸಹೋದ್ಯೋಗಿಯೊಬ್ಬರ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕಿದರೆ ಆ ಷರತ್ತು ಪೂರೈಸಿದ ಹಾಗೆಯೇ. ಗೊತ್ತಿಲ್ಲದವರನ್ನು ದೂರ ಇಡುವ ನಿಮ್ಮ ಹುಷಾರು ಅಲ್ಲಿ ಏನು ಮಾಡೀತು?

ಇನ್ನೂ ಒಂದು ಹೇಳಿ ಈ ವಿಷಯ ಬಿಡುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಅನ್ನುವ ಬಗೆಯ ಚಿತ್ರಗಳನ್ನು ತೆರೆಯುವ ಕೋಡ್‌ನಲ್ಲಿ ದೊಡ್ಡ ದೋಷ ಸಿಕ್ಕಿತು. ಕ್ರೋಮ್ ಕೂಡಲೇ ಅಪ್‌ಡೇಟ್ ಬಿಟ್ಟಿತು, ಜನ ಹಾಕಿಕೊಂಡು ನಿಶ್ಚಿಂತರಾದರು. ಆದರೆ ಆಫೀಸ್ ಚಾಟ್‌ಗೆ ಬಳಸುವ ಸ್ಲ್ಯಾಕ್‌ನಂಥ ಎಷ್ಟೋ ಡೆಸ್ಕ್‌ಟಾಪ್ ಆಪ್‌ಗಳು ಎಲೆಕ್ಟ್ರಾನ್ ಅನ್ನುವ ಸಿದ್ಧ ಚೌಕಟ್ಟಿನ ಮೇಲೆ ಕಟ್ಟಿದವು, ಅಂದರೆ ಅವುಗಳ ಹೊಟ್ಟೆಯಲ್ಲಿ ಬೇರೆಯದೇ ಒಂದು ಬ್ರೌಸರ್ ಇರುತ್ತದೆ. ನೀವು ಕ್ರೋಮ್ ಅಪ್‌ಡೇಟ್ ಮಾಡಿದರೆ ಒಳಗಿರುವ ಆ ಬ್ರೌಸರ್ ಹೊಸದಾಗುವುದಿಲ್ಲ. ಆ ಆಪ್‌ಗೇ ಅಪ್‌ಡೇಟ್ ಬರಬೇಕು, ನೀವು ಅದನ್ನು ಹಾಕಿಕೊಳ್ಳಬೇಕು.

"ಇಷ್ಟು ದಿನ ಹಳೇ ವರ್ಷನ್‌ನಲ್ಲಿ ಏನೂ ಆಗಿಲ್ಲವಲ್ಲ" ಅಂತಲೂ ಕೇಳುತ್ತಾರೆ. ಅಪ್‌ಡೇಟ್ ಬಂದ ದಿನದಿಂದ ಹಳೇ ವರ್ಷನ್‌ಗೆ ಅಪಾಯ ಜಾಸ್ತಿ ಆಗುತ್ತದೆ. ಯಾಕಂದರೆ ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು, ಏನು ಬದಲಾಗಿದೆ ಅಂತ ನೋಡಿ, ದೋಷ ಎಲ್ಲಿತ್ತು ಅಂತ ಪತ್ತೆ ಹಚ್ಚುವುದೇ ಕೆಲವರ ಕೆಲಸ. ಅಲ್ಲಿಯವರೆಗೆ ನಾಲ್ಕು ಜನಕ್ಕೆ ಗೊತ್ತಿದ್ದ ದೋಷ ಆಮೇಲೆ ಹುಡುಕಿದವರಿಗೆಲ್ಲ ಸಿಗುತ್ತದೆ.

ಸರಿ, ಮಾಡುವುದು ಹೇಗೆ? "ತಾನಾಗೇ ಆಗುತ್ತೆ" ಅನ್ನುವುದು ಅರ್ಧ ನಿಜ. ಬಹಳಷ್ಟು ಆಪ್‌ಗಳು ಅಪ್‌ಡೇಟ್ ಇಳಿಸಿಕೊಂಡು ಕಾಯುತ್ತಿರುತ್ತವೆ, ಪೂರ್ತಿ ಮುಚ್ಚಿ ತೆರೆದಾಗಲೇ ಹೊಸದು ಬರುವುದು. ಮೂಲೆಯ ಗುಣಿಸು ಗುರುತು ಒತ್ತಿದರೆ ಎಷ್ಟೋ ಸಲ ಕಿಟಕಿ ಮಾತ್ರ ಮರೆಯಾಗುತ್ತದೆ, ಆಪ್ ಹಿಂದೆ ಓಡುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಮಡಚಿಟ್ಟರೂ ಹಾಗೇ. ಗಡಿಯಾರದ ಪಕ್ಕದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಕ್ವಿಟ್ ಕೊಡಿ. ವಾರಕ್ಕೊಮ್ಮೆ ಸಾಕು, ಕೊನೆಯ ಮೀಟಿಂಗ್ ಮುಗಿದ ಮೇಲೆ. ಮೀಟಿಂಗ್‌ಗೆ ಐದು ನಿಮಿಷ ಇರುವಾಗ ಮಾತ್ರ ಬೇಡ. ಫೋನಿನ ಆಪ್ ಬೇರೆ, ಲ್ಯಾಪ್‌ಟಾಪಿನದು ಬೇರೆ, ಎರಡನ್ನೂ ನೋಡಿ. ಅಪ್‌ಡೇಟ್ ಬೀಗ ಐಟಿ ವಿಭಾಗದವರ ಕೈಯಲ್ಲಿದ್ದರೆ ಅವರಿಗೆ ವರ್ಷನ್ ನಂಬರ್ ಸಮೇತ ಒಂದು ಮೇಲ್ ಹಾಕಿ. ಮೇಲ್‌ನಲ್ಲಿ ಬಂದ "ಅಪ್‌ಡೇಟ್ ಮಾಡಿ" ಲಿಂಕ್ ಬಳಸಲೇಬೇಡಿ. ಆಪ್ ಒಳಗಿನ ಮೆನು, ಆಪ್ ಸ್ಟೋರ್, ಅಥವಾ ಕಂಪನಿಯ ಸ್ವಂತ ಸೈಟ್, ಇಷ್ಟೇ. ನಿಮ್ಮ ಲಿಂಕ್ ಒತ್ತದ ಅಭ್ಯಾಸ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ತೀರಾ ಹಿಂದುಳಿದರೆ ಬಾಗಿಲೇ ಮುಚ್ಚಿಹೋಗಬಹುದು. ಒಂಬತ್ತು ತಿಂಗಳಿಗಿಂತ ಹಳೆಯ ವರ್ಷನ್ ನಡೆಯದು ಅಂತ ಝೂಮ್ 2021ರ ನವೆಂಬರ್‌ನಲ್ಲೇ ನಿಯಮ ತಂದಿತು.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಯಾವತ್ತೋ ಒಂದು ಮೀಟಿಂಗ್‌ಗೆ ಅಂತ ಹಾಕಿಕೊಂಡ ಆಪ್‌ಗಳು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟಿವೆ? ತೆರೆಯದ ಆಪ್‌ಗೆ ಅಪ್‌ಡೇಟ್ ಹಾಕುವವರು ಯಾರು? ಅವನ್ನು ತೆಗೆದುಹಾಕಿ. ತೆಗೆದಾಗಲೂ ಪೂರ್ತಿ ಹೋಯಿತಾ ಅಂತ ನೋಡಿ. 2019ರ ಜುಲೈನಲ್ಲಿ ಬಯಲಾದ ಪ್ರಕಾರ, ಮ್ಯಾಕ್‌ನಲ್ಲಿ ಝೂಮ್ ತೆಗೆದುಹಾಕಿದ ಮೇಲೂ ಒಂದು ಪುಟ್ಟ ವೆಬ್ ಸರ್ವರ್ ಒಳಗೆ ಉಳಿದಿರುತ್ತಿತ್ತು. ಮೀಟಿಂಗ್ ಲಿಂಕ್ ತೆರೆದರೆ ಅದು ಆಪ್ ಅನ್ನು ಮತ್ತೆ ತಂದು ಹಾಕುತ್ತಿತ್ತು. ಕೊನೆಗೆ ಆಪಲ್ ಕಂಪನಿಯೇ ಅಪ್‌ಡೇಟ್ ಕಳಿಸಿ ಅದನ್ನು ಮ್ಯಾಕ್‌ಗಳಿಂದ ಅಳಿಸಿತು.

ಮುಂದೆ ಯಾರಾದರೂ ಹೊಸ ಆಪ್‌ನ ಮೀಟಿಂಗ್‌ಗೆ ಕರೆದರೆ ಇಳಿಸಿಕೊಳ್ಳುವ ಮೊದಲು ಬ್ರೌಸರ್‌ನಿಂದಲೇ ಸೇರುವ ದಾರಿ ಇದೆಯಾ ನೋಡಿ. ಬಹುಪಾಲು ಆಪ್‌ಗಳಲ್ಲಿ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ. ಮೇಲೆ ಹೇಳಿದ 2021ರ ದಾಳಿ ಝೂಮ್‌ನ ಬ್ರೌಸರ್ ರೂಪಕ್ಕೆ ತಟ್ಟಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಟ್ಯಾಬ್ ಮುಚ್ಚಿದರೆ ಆಯಿತು, ಅಪ್‌ಡೇಟ್ ಮಾಡಬೇಕಾದ ಇನ್ನೊಂದು ಆಪ್ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ.