ಟೇಬಲ್‌ನ ಮೊದಲ ಕಾಲಂ ಕದಲದಂತೆ ನಿಲ್ಲಿಸುವುದು

ಕರ್ನಾಟಕದ 31 ಜಿಲ್ಲೆಗಳ ತಿಂಗಳುವಾರು ಮಳೆ ಲೆಕ್ಕದ ಟೇಬಲ್ ಇರುವ ವೆಬ್ ಪುಟವನ್ನು ಮೊಬೈಲಿನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಆಗಸ್ಟ್‌ವರೆಗೆ ಸರಿಸುವಷ್ಟರಲ್ಲಿ ಜಿಲ್ಲೆಯ ಹೆಸರೇ ಎಡಕ್ಕೆ ಮರೆಯಾಗಿ, ಕಣ್ಣೆದುರಿನ ಅಂಕಿ ಕೊಡಗಿನದೋ ಕೋಲಾರದ್ದೋ ತಿಳಿಯದು.

ಹಿಂದೆ ಇದಕ್ಕೆಂದು ಎರಡು ಟೇಬಲ್‌ಗಳನ್ನು ಪಕ್ಕಪಕ್ಕ ಇಟ್ಟು ಜಾವಾಸ್ಕ್ರಿಪ್ಟ್‌ನಿಂದ ಹೊಂದಿಸುತ್ತಿದ್ದರು. ಒಂದು ಹೆಸರು ಎರಡು ಸಾಲಿಗೆ ಮುರಿದರೆ ಸಾಕು, ಎಡಬಲದ ಎತ್ತರ ತಪ್ಪುತ್ತಿತ್ತು. ಈಗ ಮೊದಲ ಕಾಲಂನ ಪ್ರತಿ ಸೆಲ್‌ಗೆ ‘ಪೊಸಿಷನ್: ಸ್ಟಿಕಿ’, ‘ಲೆಫ್ಟ್: 0’ ಎಂಬ ಎರಡು ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಸೂಚನೆ ಕೊಟ್ಟರಾಯಿತು. ‘ಲೆಫ್ಟ್’ ಬಿಟ್ಟರೆ ಕಾಲಂ ನಿಲ್ಲುವುದಿಲ್ಲ. ಇಡೀ ಕಾಲಂ ಅನ್ನು ಸೂಚಿಸುವ ‘ಕೋಲ್’ ಟ್ಯಾಗ್‌ಗೆ ಕೊಟ್ಟರೂ ವ್ಯರ್ಥ. ಅದು ಅಗಲ, ಹಿನ್ನೆಲೆಯಂಥ ಕೆಲವನ್ನಷ್ಟೇ ಒಪ್ಪುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಸೆಲ್ ಅನ್ನು ಬಿಟ್ಟು ಅದರ ಸುತ್ತಲಿನ ಡಿವ್‌ಗಳನ್ನು (ಪುಟದ ಭಾಗಗಳನ್ನು ಸುತ್ತುವರಿಯುವ ಪೆಟ್ಟಿಗೆಗಳನ್ನು) ನೋಡಿ. ಸ್ಟಿಕಿ ಅಂಟಿಕೊಳ್ಳುವುದು ತನಗೆ ಹತ್ತಿರದ ಸ್ಕ್ರೋಲ್ ಪೆಟ್ಟಿಗೆಗೆ. ಮೂಲೆ ದುಂಡಗಾಗಲೆಂದು ನಡುವೆ ಯಾರೋ ‘ಓವರ್‌ಫ್ಲೋ: ಹಿಡನ್’ (ಹೊರಚಾಚಿದ್ದನ್ನು ಮರೆಮಾಡು) ಹಾಕಿದ್ದರೆ ಅದೂ ಸ್ಕ್ರೋಲ್ ಪೆಟ್ಟಿಗೆಯೇ, ಆದರೆ ಕದಲದ ಪೆಟ್ಟಿಗೆ. ಅಲ್ಲಿ ‘ಹಿಡನ್’ ಬದಲು, ಸ್ಕ್ರೋಲ್ ಪೆಟ್ಟಿಗೆಯಾಗದೆ ಮರೆಮಾಡುವ ‘ಕ್ಲಿಪ್’ ಬರೆಯಿರಿ.

ತಿಂಗಳ ಹೆಸರಿರುವ ತಲೆಸಾಲೂ ನಿಲ್ಲಬೇಕೆಂದಾಗ ನಿಜವಾದ ತೊಡಕು ಶುರು. ಅಡ್ಡ ಸ್ಕ್ರೋಲ್‌ಗಾಗಿ ಟೇಬಲ್‌ನ ಹೊರಗಿನ ಡಿವ್‌ಗೆ ‘ಓವರ್‌ಫ್ಲೋ-ಎಕ್ಸ್: ಆಟೋ’ ಕೊಟ್ಟ ಕೂಡಲೇ ಬ್ರೌಸರ್ ‘ಓವರ್‌ಫ್ಲೋ-ವೈ’ಯನ್ನೂ ತಾನಾಗಿಯೇ ‘ಆಟೋ’ ಮಾಡುತ್ತದೆ. ತಲೆಸಾಲಿನ ‘ಟಾಪ್: 0’ ಆಗ ಪುಟಕ್ಕಲ್ಲ, ಆ ಡಿವ್‌ಗೆ ಅನ್ವಯ. ಡಿವ್ ಮೇಲೆ-ಕೆಳಗೆ ಸರಿಯುವುದೇ ಇಲ್ಲವಾದ್ದರಿಂದ ತಲೆಸಾಲು ಪುಟದೊಂದಿಗೆ ಹೊರಟುಹೋಗುತ್ತದೆ. ಡಿವ್‌ಗೆ ‘ಮ್ಯಾಕ್ಸ್-ಹೈಟ್: 70ವಿಎಚ್’ (ಹೆಚ್ಚೆಂದರೆ ಪರದೆಯ ಎತ್ತರದ ಶೇ. 70) ಕೊಟ್ಟು ಎರಡೂ ದಿಕ್ಕಿನ ಸ್ಕ್ರೋಲ್ ಅದರೊಳಗೇ ನಡೆಯುವಂತೆ ಮಾಡಬಹುದು. ಮೊಬೈಲಿನಲ್ಲಿ ಮಾತ್ರ ಪುಟದೊಳಗೊಂದು ಸ್ಕ್ರೋಲ್ ಬೆರಳಿಗೆ ಕಿರಿಕಿರಿ. ಅಲ್ಲಿ ತಲೆಸಾಲಿನ ಆಸೆ ಬಿಡುವುದೇ ವಾಸಿ. ಕ್ರೋಮ್ 91ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ತಲೆಸಾಲನ್ನು ಸುತ್ತುವ ‘ಟಿಹೆಡ್’ ಟ್ಯಾಗ್‌ಗೆ ಹಾಕಿದ ಸ್ಟಿಕಿ ನಡೆಯದು, ಆದ್ದರಿಂದ ತಲೆಸಾಲಿನಲ್ಲೂ ಸೆಲ್‌ಗೇ ಹಾಕಿ.

ನಿಂತ ಸೆಲ್‌ಗೆ ಅಪಾರದರ್ಶಕ ಹಿನ್ನೆಲೆ ಬೇಕೇ ಬೇಕು, ಇಲ್ಲದಿದ್ದರೆ ಕೆಳಗೆ ಹಾಯುವ ಅಂಕಿಗಳು ಹೆಸರಿನ ಮೇಲೆ ಕಲಸಿಕೊಳ್ಳುತ್ತವೆ. ಸಾಲು ಬಿಟ್ಟು ಸಾಲಿಗೆ ಬಣ್ಣವಿದ್ದರೆ ಸೆಲ್‌ಗೆ ‘ಬ್ಯಾಕ್‌ಗ್ರೌಂಡ್: ಇನ್‌ಹೆರಿಟ್’ ಕೊಟ್ಟು, ಬಿಳಿ ಸಾಲುಗಳಿಗೂ ಬಿಳಿಯೆಂದೇ ಬರೆಯಿರಿ. ಮೌಸ್ ಬಂದಾಗ ಸಾಲಿಗೆ ಅರೆಪಾರದರ್ಶಕ ಬಣ್ಣ ಹಚ್ಚುವ ನಿಯಮವಿದ್ದರೆ ಅಂಕಿಗಳು ಮತ್ತೆ ಕಾಣುತ್ತವೆ, ಇದನ್ನು ಎಲ್ಲರೂ ಮರೆಯುತ್ತಾರೆ! ಯಾವುದು ಯಾವುದರ ಮೇಲೆ ಕಾಣಬೇಕೆಂದು ಹೇಳುವ ಝಡ್-ಇಂಡೆಕ್ಸ್ ಕಾಲಂಗೆ 1, ತಲೆಸಾಲಿಗೆ 2, ಎರಡೂ ಸೇರುವ ಮೂಲೆಯ ಸೆಲ್‌ಗೆ 3.

‘ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್’ (ಅಕ್ಕಪಕ್ಕದ ಸೆಲ್‌ಗಳಿಗೆ ಒಂದೇ ಗೆರೆ) ಇದ್ದರೆ ಸೆಲ್ ನಿಂತರೂ ಅದರ ಗೆರೆ ಸರಿದುಹೋಗುತ್ತದೆ. ‘ಸೆಪರೇಟ್’ ಮಾಡಿ ‘ಬಾರ್ಡರ್-ಸ್ಪೇಸಿಂಗ್: 0’ ಇಡಿ.

ಎರಡನೇ ಕಾಲಂ ಕೂಡ ನಿಲ್ಲಬೇಕಾದರೆ ಅದರ ‘ಲೆಫ್ಟ್’ ಬೆಲೆ ಮೊದಲ ಕಾಲಂನ ಅಗಲಕ್ಕೆ ಸಮವಿರಬೇಕು. ಸೆಲ್‌ಗೆ ಬರೆದ ಅಗಲ ಸಾಮಾನ್ಯ ಟೇಬಲ್‌ನಲ್ಲಿ ಬರೀ ಕೋರಿಕೆ. ‘ಬೆಂಗಳೂರು ಗ್ರಾಮಾಂತರ’ ಎರಡು ಸಾಲಿಗೆ ಮುರಿದೀತು, ‘ಚಿಕ್ಕಬಳ್ಳಾಪುರ’ ಮುರಿಯದೆ ಕಾಲಂ ಹಿಗ್ಗಿಸೀತು. ‘ಟೇಬಲ್-ಲೇಔಟ್: ಫಿಕ್ಸ್ಡ್’ ಹಾಕಿ, ಟೇಬಲ್‌ಗೂ ಒಂದು ಅಗಲ ಕೊಡಿ, ಆಮೇಲೆ ಪ್ಯಾಡಿಂಗ್ (ಸೆಲ್‌ನ ಒಳ ಅಂಚಿನ ಜಾಗ) ಸೇರಿ ಎಷ್ಟು ಬಂತೆಂದು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ಅಳೆಯಿರಿ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಹೆಸರಿಗೇ 200 ಹೋದರೆ ಅಂಕಿಗೆ ಉಳಿಯುವುದು 160, ಆದ್ದರಿಂದ ಅಲ್ಲಿ 120ರ ಆಸುಪಾಸು ಸಾಕು. ಒತ್ತಕ್ಷರ ಕೆಳಸಾಲಿಗೆ ತಾಗದಿರಲು ‘ಲೈನ್-ಹೈಟ್’ 1.6ರಷ್ಟು ಇಡಿ.

ಟ್ಯಾಬ್ ಕೀಲಿ ಒತ್ತುತ್ತ ಹಿಂದಕ್ಕೆ ಬರುವವರಿಗೆ ಲಿಂಕ್‌ಗಳು ನಿಂತ ಕಾಲಂನ ಅಡಿ ಅಡಗಿಬಿಡುತ್ತವೆ. ಸ್ಕ್ರೋಲ್ ಆಗುವ ಡಿವ್‌ಗೆ ಕಾಲಂನ ಅಗಲದಷ್ಟೇ ‘ಸ್ಕ್ರೋಲ್-ಪ್ಯಾಡಿಂಗ್-ಲೆಫ್ಟ್’ ಕೊಡಿ. ಕೀಲಿಮಣೆಯಿಂದಲೂ ಸರಿಸುವಂತಾಗಲು ಅದೇ ಡಿವ್‌ಗೆ ‘ಟ್ಯಾಬ್‌ಇಂಡೆಕ್ಸ್’ 0 ಸೇರಿಸಿ.