ಲೇ-ಆಫ್ ದುಡ್ಡು ಯಾರ ಜೇಬಿನದು?

ದಾವಣಗೆರೆಯ ಗಾರ್ಮೆಂಟ್ ಘಟಕವೊಂದಕ್ಕೆ ಆರ್ಡರ್ ನಿಂತಿತು ಅನ್ನಿ. ಮಾಲೀಕರಿಗೆ ಎರಡು ದಾರಿ: ಲೇ-ಆಫ್ (ಕೆಲಸವಿಲ್ಲದ ದಿನಗಳಿಗೆ ತಾತ್ಕಾಲಿಕ ಬಿಡುವು) ಕೊಟ್ಟು ಮಸ್ಟರ್ ರೋಲ್‌ನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಹೆಸರು ಉಳಿಸಿಕೊಳ್ಳುವುದು, ಇಲ್ಲವೇ ಲೆಕ್ಕ ಚುಕ್ತಾ ಮಾಡಿ ಕಳಿಸುವುದು.

ಮೂಲವೇತನ, ತುಟ್ಟಿಭತ್ಯೆ ಸೇರಿ ದಿನಕ್ಕೆ 560 ರೂಪಾಯಿ, ಆರು ವರ್ಷದ ಸರ್ವೀಸು ಇರುವ ಕಾರ್ಮಿಕರನ್ನು ತೆಗೆದುಕೊಳ್ಳಿ. ಲೇ-ಆಫ್‌ನಲ್ಲಿ ಅದರ ಅರ್ಧ, 280. ವಾರದ ರಜೆ ಬಿಟ್ಟು 45 ದಿನಕ್ಕೆ 12,600. ಕೆಲಸದಿಂದ ತೆಗೆದರೆ ವರ್ಷಕ್ಕೆ 15 ದಿನದಂತೆ 50,400, ಮೇಲೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ. (ಗ್ರ್ಯಾಚುಟಿ ಹೇಗೂ ಕೊಡಬೇಕಾದ್ದೇ.) 45 ದಿನ ಕಳೆದ ಮೇಲೆ ತೆಗೆದರೆ ಆಗಲೇ ಕೊಟ್ಟ 12,600 ಅನ್ನು ಪರಿಹಾರದಲ್ಲಿ ಮುರಿದುಕೊಳ್ಳಬಹುದು. ಹೀಗಾಗಿ ಕಾದು ನೋಡುವುದು ಮಾಲೀಕರಿಗೆ ದುಬಾರಿಯಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ಲೆಕ್ಕವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ.

ಆದರೆ 50ಕ್ಕಿಂತ ಕಡಿಮೆ ಕಾರ್ಮಿಕರಿದ್ದರೆ ಲೇ-ಆಫ್ ಪರಿಹಾರವೇ ಇಲ್ಲ. ಹಂಗಾಮಿನ ಉದ್ಯಮವೆಂದು ಪರಿಗಣಿತವಾದ ಘಟಕಕ್ಕೂ ಇಲ್ಲ. ಮಂಡಕ್ಕಿ ಭಟ್ಟಿಯಂಥ ಸಣ್ಣ ಕಡೆ ಕೆಲಸವಿಲ್ಲದಾಗ ಆಳುಗಳನ್ನು ಬರಿಗೈಯಲ್ಲಿ ಮನೆಯಲ್ಲಿ ಕೂರಿಸುವುದು ಸುಲಭವಾಗಿರುವುದು ಇದಕ್ಕೇ. 48-49ಕ್ಕೆ ನಿಂತ ಮಸ್ಟರ್ ರೋಲ್ ಕಂಡರೆ ಅನುಮಾನ ಪಡಿ.

ಕೆಲಸ ಕಳೆದುಕೊಂಡವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಿಗಮ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬೇರೆಯೇ ಬಗೆಯದು. ಸರಾಸರಿ ದಿನಗಳಿಕೆಯ ಅರ್ಧ, ಹೆಚ್ಚೆಂದರೆ 90 ದಿನ, ಜೀವಮಾನಕ್ಕೆ ಒಮ್ಮೆ. ಕೊಡುವುದು ನಿಗಮ. ಮಾಲೀಕರ ವಂತಿಗೆ ಸಂಬಳದ 3.25%, ಎಷ್ಟು ಜನರನ್ನು ತೆಗೆದರೂ ಆ ದರ ಏರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ತೆಗೆದವರು ಭತ್ಯೆ ಪಡೆದಷ್ಟೂ ಆ ಕಂಪನಿಯ ನಿರುದ್ಯೋಗ ತೆರಿಗೆ ದರ ಏರುತ್ತದೆ. ಏರಿಕೆಗೊಂದು ಮಿತಿಯಿದೆ, ಆ ಮಿತಿ ಮುಟ್ಟಿದ ಕಂಪನಿಗೆ ಇನ್ನೊಬ್ಬರನ್ನು ತೆಗೆದರೂ ತೆರಿಗೆ ಹೆಚ್ಚದು, ಕಡಿವಾಣ ತಪ್ಪುವುದು ಅಲ್ಲೇ. ಜರ್ಮನಿ ಕೆಲಸ ಉಳಿದು ಗಂಟೆ ಮಾತ್ರ ಇಳಿದ ಕಾರ್ಮಿಕರಿಗೂ ನೆರವು ಕೊಡುತ್ತದೆ: ಕಳೆದುಕೊಂಡ ನಿವ್ವಳ ಸಂಬಳದ 60%, ಮಕ್ಕಳಿದ್ದರೆ 67%. ಹಿಂಜರಿತದಲ್ಲಿ ಪಳಗಿದ ಕೈಗಳನ್ನು ಉಳಿಸುವ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ.

ನಮ್ಮಲ್ಲಿ ಹಣ ಕೈತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ಲೇ-ಆಫ್ ದಿನಗಳಲ್ಲಿ ನಿಗದಿತ ಹೊತ್ತಿಗೆ ದಿನಕ್ಕೊಮ್ಮೆ ಗೇಟಿಗೆ ಹೋಗಿ ಹಾಜರಿ ಹಾಕಿಸದಿದ್ದರೆ ಆ ದಿನದ 280 ಹೋಯಿತು. ‘ಸುಮ್ಮನೆ ಫಾರ್ಮಾಲಿಟಿ’ ಎಂದು ರಾಜೀನಾಮೆಗೆ ಸಹಿ ಹಾಕಿಸಿಕೊಂಡರಂತೂ 50,400 ಕೇಳುವ ಹಕ್ಕೇ ಹೋದಂತೆ. ಸಹಿ ಹಾಕುವ ಮೊದಲು ಕಾಗದದ ನಕಲು ತಂದು ಕಾರ್ಮಿಕ ಇಲಾಖೆಯಲ್ಲಿ ತೋರಿಸಿ.