ಓದುಗರ ಪ್ರಶ್ನೆ: ಕಾರ್ಲ್ ಬಾರ್ತ್ ಅವರನ್ನು ಇಂದೂ ಓದಬೇಕೆ?

ಪ್ರಶ್ನೆ: ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ 1968ರಲ್ಲಿ ತೀರಿಕೊಂಡರು. ಮಹಾಯುದ್ಧಗಳ ಕಾಲದ ಯುರೋಪಿನಲ್ಲಿ ರೂಪುಗೊಂಡ ಅವರ ವಿಚಾರ ನಮ್ಮ ಕಾಲಕ್ಕೂ ಸಲ್ಲುತ್ತದೆಯೇ?

ಉತ್ತರ: ಖಂಡಿತ ಸಲ್ಲುತ್ತದೆ. ಕಾರಣ ತಿಳಿಯಲು 1914ರಿಂದ ಆರಂಭಿಸಬೇಕು. ಆಗ ಬಾರ್ತ್ ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಊರಿನಲ್ಲಿ ಚರ್ಚಿನ ಸಭಾಪಾಲಕರಾಗಿದ್ದರು. ಜರ್ಮನಿಯ ಯುದ್ಧವನ್ನು ಸಮರ್ಥಿಸಿ ಆ ದೇಶದ 93 ಮಂದಿ ಗಣ್ಯರು ಹೊರಡಿಸಿದ ಹೇಳಿಕೆಗೆ ತಮ್ಮ ಗುರುಗಳಾದ ಹಾರ್ನಾಕ್ ಮತ್ತು ಹೆರ್ಮಾನ್ ಕೂಡ ಸಹಿ ಹಾಕಿದ್ದು ಅವರಿಗೆ ದೊಡ್ಡ ಆಘಾತವಾಯಿತು. ಅಷ್ಟು ದೊಡ್ಡ ವಿದ್ವಾಂಸರ ಭಕ್ತಿ ಅಷ್ಟು ಸುಲಭವಾಗಿ ಯುದ್ಧದ ಬೆಂಬಲಕ್ಕೆ ನಿಲ್ಲುವುದಾದರೆ, ದೋಷ ಅವರ ರಾಜಕೀಯದಲ್ಲಿ ಮಾತ್ರವಲ್ಲ, ಅವರು ಕಲಿಸಿದ ದೇವಶಾಸ್ತ್ರದಲ್ಲೇ ಇರಬೇಕೆಂದು ಬಾರ್ತ್ ಭಾವಿಸಿದರು. ಬೈಬಲಿನಲ್ಲಿರುವ, ರೋಮಾಪುರದವರಿಗೆ ಪೌಲನು ಬರೆದ ಪತ್ರದ ಮೇಲಿನ ಅವರ ವ್ಯಾಖ್ಯಾನ, ಅದರಲ್ಲೂ 1922ರಲ್ಲಿ ಪೂರ್ತಿಯಾಗಿ ತಿದ್ದಿ ಬರೆದ ಆವೃತ್ತಿ, ಈ ತಳಮಳದ ಫಲ. ದೇವರು ನಮ್ಮ ಸಂಸ್ಕೃತಿಯ ಅಥವಾ ಧಾರ್ಮಿಕ ಅನುಭವದ ತುತ್ತತುದಿಯಲ್ಲ. ಆತನು ಸಂಪೂರ್ಣವಾಗಿ ಬೇರೆಯವನು, ತಾನಾಗಿ ತನ್ನನ್ನು ಪ್ರಕಟಿಸಿಕೊಂಡಾಗ ಮಾತ್ರ ನಮಗೆ ತಿಳಿಯುವವನು ಎಂಬುದು ಅದರ ತಿರುಳು.

ಇದು ಲೋಕದಿಂದ ದೂರ ಸರಿಯುವ ಚಿಂತನೆ ಎಂದು ಹಲವರು ತಪ್ಪು ತಿಳಿಯುತ್ತಾರೆ. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ನಾಜಿ ಆಡಳಿತದೊಂದಿಗೆ ಕೈಜೋಡಿಸಿದ 'ಜರ್ಮನ್ ಕ್ರೈಸ್ತರು' ಎಂಬ ಗುಂಪಿನವರು ಜನಾಂಗವನ್ನೂ ರಾಷ್ಟ್ರವನ್ನೂ ದೇವರ ಪ್ರಕಟಣೆಯ ಸ್ಥಾನಕ್ಕೆ ಏರಿಸಿದ್ದಾಗ, ಬಾರ್ತ್ ಪ್ರಮುಖವಾಗಿ ರಚಿಸಿದ ಬಾರ್ಮೆನ್ ಘೋಷಣೆ, ಕ್ರೈಸ್ತ ಸಭೆ ಕಿವಿಗೊಡಬೇಕಾದ ಏಕೈಕ ದೇವವಾಕ್ಯ ಯೇಸು ಕ್ರಿಸ್ತನೇ ಎಂದು ಸಾರಿತು. ಮೇಲ್ನೋಟಕ್ಕೆ ಇದು ಶುದ್ಧ ಧರ್ಮತತ್ತ್ವ. ಆದರೆ ಬೇರೊಬ್ಬ ನಾಯಕನಿಗೆ ಆ ಸ್ಥಾನವನ್ನು ನಿರಾಕರಿಸಿದ ಕಾರಣ ಅದೇ ರಾಜಕೀಯ ಪ್ರತಿರೋಧವೂ ಆಯಿತು. ಹಿಟ್ಲರನಿಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಬಾರ್ತ್ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು 1935ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಮರಳಿದರು.

ಧರ್ಮವನ್ನು ರಾಷ್ಟ್ರದ ಹೆಮ್ಮೆಗೆ ಒತ್ತೆಯಿಡುವ ಪ್ರವೃತ್ತಿ ಅವರ ಕಾಲದೊಂದಿಗೆ ಮುಗಿಯಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದವನ್ನು ಬೈಬಲಿನ ಹೆಸರಿನಲ್ಲಿ ಸಮರ್ಥಿಸಿದವರ ವಿರುದ್ಧ 1982ರಲ್ಲಿ ರೂಪುಗೊಂಡ ಬೆಲ್ಹಾರ್ ವಿಶ್ವಾಸಪ್ರಕಟಣೆಯ ಹಿಂದೆ ಬಾರ್ಮೆನ್‌ನ ಪ್ರಭಾವವಿತ್ತು.

ಹಾಗೆಂದು ಬಾರ್ತ್ ಅವರನ್ನು ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಬಾರ್ಮೆನ್ ಘೋಷಣೆ ಯೆಹೂದ್ಯರ ಮೇಲಿನ ದೌರ್ಜನ್ಯದ ಬಗ್ಗೆ ಮೌನವಾಗಿತ್ತು. ಅದು ತಮ್ಮ ತಪ್ಪೆಂದು ಬಾರ್ತ್ ಅವರೇ ಮುಂದೆ ಒಪ್ಪಿಕೊಂಡರು. 1956ರ ಒಂದು ಉಪನ್ಯಾಸದಲ್ಲಿ, ದೇವರ ದೂರತ್ವವನ್ನು ಮಾತ್ರ ಒತ್ತಿಹೇಳಿದ ತಮ್ಮ ಆರಂಭದ ನಿಲುವು ಏಕಮುಖವಾಗಿತ್ತೆಂದು ಹೇಳಿ, ಕ್ರಿಸ್ತನಲ್ಲಿ ಮನುಷ್ಯನ ಸಂಗಡ ನಿಂತ ದೇವರನ್ನು ಮುಂದಿಟ್ಟರು. ತಮ್ಮ ಮಾತನ್ನೇ ಹೀಗೆ ಮರುಪರಿಶೀಲಿಸಿದ್ದು, ನನ್ನ ದೃಷ್ಟಿಯಲ್ಲಿ, ಅವರ ಚಿಂತನೆಯ ಅತ್ಯಂತ ಬೆಲೆಯುಳ್ಳ ಭಾಗ.

ಸಾವಿರಾರು ಪುಟಗಳಷ್ಟು ಬೆಳೆದೂ ಅಪೂರ್ಣವಾಗಿ ಉಳಿದ ಅವರ ಮುಖ್ಯ ಕೃತಿ 'ಚರ್ಚ್ ಡಾಗ್ಮ್ಯಾಟಿಕ್ಸ್'ನಿಂದ ಓದು ಆರಂಭಿಸುವುದು ಕಷ್ಟ. 1946ರಲ್ಲಿ, ಯುದ್ಧದಿಂದ ಹಾಳಾಗಿದ್ದ ಬಾನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣವನ್ನು ಕುರಿತು ಅವರು ನೀಡಿದ ಉಪನ್ಯಾಸಗಳ ಚಿಕ್ಕ ಪುಸ್ತಕವನ್ನು ಮೊದಲು ಓದಬಹುದು.